ಅರಿಯ ನೂಲು

ತಾಳವಾಡಿಯ ಪುಸ್ತಕ ಭಂಡಾರಕ್ಕೆ ಬಂದವರ ಕೈಯನ್ನು ಗುರುಲಿಂಗಮ್ಮನವರು ಮೂಸಿ ನೋಡುತ್ತಿದ್ದರು. ಅಂಗೈ ನೋಡಿ ಮುಂದಾಗುವುದನ್ನು ಹೇಳುವವರನ್ನು ಕಂಡಿದ್ದ ಜನಕ್ಕೆ ಅಂಗೈ ಮೂಸಿ ಆಗಿಹೋದದ್ದನ್ನು ಹೇಳುವ ಈ ಹೆಂಗಸು ಮೊದಮೊದಲು ವಿಚಿತ್ರವಾಗಿ ಕಂಡಿರಬೇಕು. ಬರಬರುತ್ತ ಅದೂ ಊರಿನ ಒಂದು ಸಂಪ್ರದಾಯವೇ ಆಗಿಬಿಟ್ಟಿತು. ಹೊಸ್ತಿಲಿನ ಒಳಗೆ ಅವರು, ಹೊರಗೆ ಬಂದವರು, ನಡುವೆ "ಕೈ" ಎಂಬ ಒಂದೇ ಅಕ್ಷರದ ಅಪ್ಪಣೆ. ಬೆಲ್ಲ ಮುಟ್ಟಿದವನ ಹಿಂದೆ ಇರುವೆ ಬರುತ್ತದೆ, ಎಣ್ಣೆ ಮುಟ್ಟಿದವನ ಹಿಂದೆ ಜಿರಲೆ ಬರುತ್ತದೆ, ಹೊಗೆಸೊಪ್ಪು ತಿಕ್ಕಿದವನ ಹೆಬ್ಬೆರಳು ಹಾಳೆಯ ಅಂಚಿನಲ್ಲಿ ರುಜು ಹಾಕಿ ಹೋಗುತ್ತದೆ ಎಂಬುದು ಅವರ ಶಾಸ್ತ್ರ. ಜಗಲಿಯ ಮೂಲೆಯಲ್ಲಿ ಒಂದು ಕಲ್ಲಿನ ತೊಟ್ಟಿ, ಅದರ ಪಕ್ಕದಲ್ಲಿ ಕರಟದ ತುಂಬ ಸೀಗೆಪುಡಿ. ತೊಳೆದು ಬಂದವರಿಗೆ ಮತ್ತೊಂದು ಪರೀಕ್ಷೆ; ಅದರಲ್ಲೂ ಪಾಸಾದವರಿಗೆ ಮಾತ್ರ ಒಳಗೆ ಈಚಲು ಚಾಪೆ.

ಒಮ್ಮೆ ಕಂದಾಯದ ಅಧಿಕಾರಿಯೊಬ್ಬರು ಜಮಾಬಂದಿಗೆ ಬಂದವರು ಹೊತ್ತು ಹೋಗದೆ ಭಂಡಾರದ ಕಡೆ ನಡೆದುಬಂದರು. ಅವರ ಹಿಂದಿದ್ದ ಪರಿವಾರ ಕಣ್ಣಿನಲ್ಲೇ ಸನ್ನೆ ಮಾಡಿ, ಇವರನ್ನು ಮೂಸಬೇಡಿ ಎಂದು ಬೇಡಿಕೊಂಡಿತು. ಗುರುಲಿಂಗಮ್ಮನವರಿಗೆ ಸನ್ನೆ ಅರ್ಥವಾಗಲಿಲ್ಲವೋ, ಅರ್ಥವಾಗದವರಂತೆ ಇದ್ದರೋ, ಅಂತೂ ಸರ್ಕಾರದ ಬಲಗೈ ಚಾಚಿತು, ಮೂಗು ಬಾಗಿತು, ತೀರ್ಪೂ ಹೊರಬಿತ್ತು.

"ಸರ್ಕಾರದ ಕೈ ಆದ್ರ ಏನ? ಕೋಡುಬಳೆ ತಿಂದ ಕೈ ಕೋಡುಬಳೆ ತಿಂದ ಕೈಯೇ. ಓಗಿ, ತೊಳ್ಕಂಡು ಬನ್ನಿ."

ಅಧಿಕಾರಿ ತೊಳೆದುಕೊಂಡು ಬಂದರು. ಬಂದು, ಹಳೆಯದೊಂದು ಪಂಚಾಂಗವನ್ನು ತೊಡೆಯ ಮೇಲೆ ಹರವಿಕೊಂಡು ತಮ್ಮ ತಾತನ ಕಾಲದ ಗ್ರಹಣಗಳನ್ನು ಓದುತ್ತ ಎಷ್ಟು ಹೊತ್ತು ಕುಳಿತರೆಂದರೆ, ಚಾವಡಿಯಲ್ಲಿ ಕಾದಿದ್ದ ರೈತರು ಅವರನ್ನು ಹುಡುಕಿಕೊಂಡು ಬರಬೇಕಾಯಿತು.

ಈ ಕಟ್ಟಳೆಗೆ ವರ್ಷಕ್ಕೊಮ್ಮೆ ಒಂದು ವಿನಾಯಿತಿ ಇತ್ತು. ದೀಪಾವಳಿ ಕಳೆದ ಮೇಲೆ ಗುಮಟಾಪುರದ ಬೀರೇಶ್ವರನ ಗುಡಿಯ ಮುಂದೆ, ಒಬ್ಬರಿಗೊಬ್ಬರು ಸಗಣಿಯುಂಡೆ ಎಸೆಯುವ ಸಗಣಿ ಹಬ್ಬ ಆಡಿ ಬಂದವರು ಮಿಂದು, ಬಟ್ಟೆ ಬದಲಿಸಿ, ಆದರೂ ಕೈಯ ವಾಸನೆ ಹೋಗದೆ ನಾಚುತ್ತ ಜಗಲಿಯಲ್ಲಿ ನಿಂತರೆ, ಗುರುಲಿಂಗಮ್ಮನವರು ಮೂಸಿ, ತಲೆಯಾಡಿಸಿ, ಒಳಗೆ ಬಿಡುತ್ತಿದ್ದರು. ಸಗಣಿಗೆ ಹುಳ ಹೆದರುತ್ತದೆ, ನಿಮ್ಮಂಥವರು ಇನ್ನೂ ನಾಲ್ಕು ಜನ ಬಂದು ಕಪಾಟು ಸವರಿ ಹೋದರೆ ನನಗೆ ಬೇವಿನ ಸೊಪ್ಪು ತರುವ ಶ್ರಮ ತಪ್ಪುತ್ತದೆ ಎನ್ನುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎಂದು ಕೇಳಿದ್ದೆವು, ಕೈ ಸಗಣಿಯಾದರೆ ತಲೆಗೆ ವಿದ್ಯೆ ಎಂಬುದು ಈ ಊರಿನಲ್ಲೇ ಹೊಸದು ಎಂದು ಜನ ನಗುತ್ತಿದ್ದರು.

ಗುರುಲಿಂಗಮ್ಮನವರು ಕುಳ್ಳು ಆಳು, ಆದರೆ ತೊಟ್ಟ ಕೋಟು ಎತ್ತರದ ಆಳಿನದು. ತೀರಿಹೋದ ಗಂಡನ ಕಪ್ಪು ಉಣ್ಣೆಯ ಕೋಟನ್ನು ಅವರು ಸೀರೆಯ ಮೇಲೆ, ಬೇಸಿಗೆ ಚಳಿಗಾಲವೆನ್ನದೆ ತೊಡುತ್ತಿದ್ದರು. ತೋಳು ಬೆರಳ ತುದಿಯನ್ನೂ ಮುಚ್ಚುತ್ತಿತ್ತಾದ್ದರಿಂದ ಮಡಚಿ ಮಡಚಿ ಮಣಿಕಟ್ಟಿನಲ್ಲಿ ದಪ್ಪನೆಯ ಬಳೆಯಂತೆ ನಿಲ್ಲಿಸಿಕೊಂಡಿದ್ದರು. ಎಡಗಡೆಯ ಜೇಬಿನಲ್ಲಿ ಭಂಡಾರದ ಬೀಗದಕೈ, ದಬ್ಬಳ, ನೂಲುಂಡೆ, ಸೋಲಿಗರು ತಂದುಕೊಟ್ಟ ಜೇನುಮೇಣದ ಗಡ್ಡೆ. ಈ ಭಾರಕ್ಕೆ ಎಡಭುಜ ಇಳಿದು, ನಡೆಯುವಾಗ ಅವರು ಗೋಡೆಯೊಂದಕ್ಕೆ ಒರಗಿಕೊಂಡು ಹೋಗುತ್ತಿರುವಂತೆ ಕಾಣುತ್ತಿತ್ತು. ಮಾತಿಗೆ ಮುನ್ನ "ಅಂಗಲ್ಲ ಕಣ" ಎನ್ನುವುದು ಅವರ ರೂಢಿ. ಎದುರಿನವರ ಮಾತನ್ನು ಒಪ್ಪದಿದ್ದಾಗ ಅನ್ನುವುದು ಸಹಜ. ಅವರು ಒಪ್ಪಿದಾಗಲೂ ಅನ್ನುತ್ತಿದ್ದರು. "ಅಂಗಲ್ಲ ಕಣ, ನೀ ಏಳದೇ ಸರಿ" ಎಂಬ ಅವರ ಮಾತು ತಾಳವಾಡಿಯಲ್ಲಿ ಗಾದೆಯಾಗಿ, ಹೆಣ್ಣು ಗಂಡಿನ ಮಾತುಕತೆಗಳಲ್ಲಿ ಒಪ್ಪಿಗೆ ಸೂಚಿಸುವುದಕ್ಕೂ ಬಳಕೆಯಾಗತೊಡಗಿತ್ತು.

ಭಂಡಾರ ಕಟ್ಟಿದವರು ಅವರ ಗಂಡ ಗುರುಮಲ್ಲಪ್ಪ. ಓದಿದವರೇನಲ್ಲ, ಶ್ರೀಮಂತರಂತೂ ಅಲ್ಲ; ಎತ್ತಿನ ಗಾಡಿಯಲ್ಲಿ ಪಂಚಾಂಗ, ಹಾಡಿನ ಪುಸ್ತಕ, ಬಾಲಬೋಧೆ ಹೇರಿಕೊಂಡು ಚಾಮರಾಜನಗರದಿಂದ ಕೊಳ್ಳೇಗಾಲದವರೆಗೆ ಸಂತೆಯಿಂದ ಸಂತೆಗೆ ಮಾರುತ್ತ ಹೋಗುತ್ತಿದ್ದವರು. ಅವರ ವ್ಯಾಪಾರದಲ್ಲಿ ಒಂದು ಹುಚ್ಚಿತ್ತು. ಹಳೆಯ ಅಚ್ಚಿನ ಕಾಗದ ಏನು ತಂದುಕೊಟ್ಟರೂ ಸರಿ, ಅದಕ್ಕೆ ಬದಲಾಗಿ ಹೊಸ ಪಂಚಾಂಗ ಕೊಡುತ್ತಿದ್ದರು. ಹೀಗಾಗಿ ಅಟ್ಟದ ಮೇಲೆ ಕರಿ ಹಿಡಿದಿದ್ದ ಹೊತ್ತಿಗೆಗಳು, ಎರಡೇ ಸಂಚಿಕೆ ಹೊರಟು ನಿಂತ ಮಾಸಪತ್ರಿಕೆಗಳು, ಸಣ್ಣ ಊರುಗಳ ಸಣ್ಣ ಅಚ್ಚುಕೂಟಗಳಲ್ಲಿ ಅಚ್ಚಾದ ಲಾವಣಿಗಳು, ನಾಟಕ ಕಂಪನಿಗಳ ಬಣ್ಣದ ಕರಪತ್ರಗಳು, ಮದುವೆಯ ಕರೆಯೋಲೆಗಳು, ದನದ ರೋಗಕ್ಕೆ ಔಷಧ ಹೇಳುವ ಕಿರುಹೊತ್ತಿಗೆಗಳು, ಎಲ್ಲವೂ ಗಾಡಿ ಹತ್ತಿ ಘಟ್ಟದ ಮೇಲಿನ ಈ ಊರಿಗೆ ಬಂದವು. ಊರವರು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಆಡಿಕೊಂಡರು. ಆಡಿಕೊಂಡವರೇ ಆಮೇಲೆ ಕಂಬ ಕೊಟ್ಟರು, ಹೆಂಚು ಕೊಟ್ಟರು, ಕೊಳ್ಳೇಗಾಲದ ರೇಷ್ಮೆ ನೇಯುವವರು ವರ್ಷಕ್ಕಿಷ್ಟೆಂದು ನೆರವು ಕೊಟ್ಟರು. ಹೀಗೆ ಭಂಡಾರ ನಿಂತಿತು. ಅಲ್ಲಿ ಓದುವುದಕ್ಕೆ ಕಾಸಿಲ್ಲ, ಒಯ್ಯುವುದಕ್ಕೆ ಅಪ್ಪಣೆಯಿಲ್ಲ. ಮೈಸೂರಿನಿಂದಲೋ ಮದರಾಸಿನಿಂದಲೋ ಒಬ್ಬ ವಿದ್ವಾಂಸರು, ಇನ್ನೆಲ್ಲೂ ಕಾಣದ ಒಂದು ಹಳೆಯ ಅಚ್ಚನ್ನು ಹುಡುಕಿಕೊಂಡು ಬಸ್ಸಿನ ಧೂಳು ಹೊತ್ತು ಬಂದಿಳಿದಾಗ, ಅವರ ಕೈಗೂ ಸೀಗೆಪುಡಿಯೇ ಸ್ವಾಗತ.

ಗುರುಮಲ್ಲಪ್ಪ ಸೇರಿಸಿದರು ನಿಜ. ಆದರೆ ಸೇರಿಸಿದ್ದು ಉಳಿದದ್ದು ಗುರುಲಿಂಗಮ್ಮನವರ ದಬ್ಬಳದಿಂದ. ಸಂತೆಯಿಂದ ಬಂದವು ಎಂಥ ಸ್ಥಿತಿಯಲ್ಲಿರುತ್ತಿದ್ದವೆಂದರೆ, ಗಾಡಿಯಿಂದ ಇಳಿಸುವಾಗಲೇ ಮೊದಲ ಪುಟಕ್ಕೂ ಕೊನೆಯ ಪುಟಕ್ಕೂ ಪರಿಚಯ ತಪ್ಪಿರುತ್ತಿತ್ತು. ಅವರು ಹಾಳೆ ಹಾಳೆ ಬಿಡಿಸಿ, ಹುಣಸೆಬೀಜದ ಅಂಟಿಗೆ ಮೈಲುತುತ್ತ ಬೆರೆಸಿ ಸವರಿ, ಕೊಳ್ಳೇಗಾಲದ ರೇಷ್ಮೆ ಎಳೆಯನ್ನು ಜೇನುಮೇಣದಲ್ಲಿ ಉಜ್ಜಿ, ಬೆನ್ನಿಗೆ ಹೊಲಿಯುತ್ತಿದ್ದರು. ಓದಲು ಕಲಿತದ್ದೂ ಹಾಗೆಯೇ, ಹೊಲಿಯುತ್ತ ಹೊಲಿಯುತ್ತ, ಪುಟ ಹಿಂದುಮುಂದಾಗಬಾರದಲ್ಲ. ತಮ್ಮ ಹೊಲಿಗೆಯ ವಿಷಯದಲ್ಲಿ ಅವರಿಗೆ ಇದ್ದ ಹೆಮ್ಮೆ ಸಣ್ಣದಲ್ಲ. ಹೆತ್ತ ಮಕ್ಕಳಿಲ್ಲದ ಆ ತಾಯಿಗೆ ಯಾರಾದರೂ ಮಕ್ಕಳ ಮಾತೆತ್ತಿ ಮರುಗಿದರೆ ಅಷ್ಟು ನೋವಾಗುತ್ತಿರಲಿಲ್ಲ. ಒಂದು ಪುಸ್ತಕದ ಬೆನ್ನು ಸಡಿಲವಾಗಿದೆ ಎಂದರೆ ಆ ದಿನ ಒಲೆ ಹತ್ತುತ್ತಿರಲಿಲ್ಲ.

ಐವತ್ತಾರರಲ್ಲಿ ರಾಜ್ಯಗಳ ಗೆರೆ ಹೊಸದಾಗಿ ಎಳೆದರು. ಅದುವರೆಗೆ ಕೊಳ್ಳೇಗಾಲವೂ ತಾಳವಾಡಿಯೂ ಒಂದೇ ಜಿಲ್ಲೆಯ ಕೂಸುಗಳು. ಈಗ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಹೊಲ ಇದ್ದಲ್ಲೇ ಇತ್ತು, ಮಾತು ಬಾಯಲ್ಲೇ ಇತ್ತು, ಬೀಗರು ಆಚೆಯೂ ಇದ್ದರು ಈಚೆಯೂ ಇದ್ದರು. ಆದರೆ ನೇಕಾರರ ನೆರವು ಮಾತ್ರ ಮೆಲ್ಲಗೆ ನಿಂತುಹೋಯಿತು. ಬೇರೆ ರಾಜ್ಯದ ಭಂಡಾರಕ್ಕೆ ನಾವೇಕೆ ಎಂದು ಅವರು ಬಾಯಿಬಿಟ್ಟು ಅನ್ನಲಿಲ್ಲ. ಆ ವರ್ಷದ ಮಳೆಗೆ ಭಂಡಾರದ ಮೂಡಣ ಮೂಲೆ ಸೋರಿತು. ಗುರುಲಿಂಗಮ್ಮನವರು ಕಪಾಟುಗಳನ್ನು ಒಂದರ ಹಿಂದೊಂದು ಪಡುವಣ ಗೋಡೆಗೆ ತಳ್ಳಿ, ಸೋರುವ ಕಡೆ ತಾವೇ ಮಲಗತೊಡಗಿದರು.

ಭಂಡಾರದ ಯಜಮಾನಿಕೆ ಮಾದಯ್ಯನವರದು. ಗುರುಮಲ್ಲಪ್ಪನವರ ಚಿಕ್ಕಪ್ಪನ ಮಗ, ವರಸೆಯಲ್ಲಿ ಗುರುಲಿಂಗಮ್ಮನವರಿಗೆ ಮೈದುನ. ಒಳ್ಳೆಯ ಮನುಷ್ಯ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಜಾತಿಯ ಒಳ್ಳೆಯತನ. ಕೆಳಗಣ ಸೀಮೆಯಲ್ಲಿ ಒಂದು ಸಂಶೋಧನಾ ಗ್ರಂಥಾಲಯವಿದೆ, ಹಳೆಯ ಜಿಲ್ಲೆಯಲ್ಲಿ ಅಚ್ಚಾದ ಎಲ್ಲ ಭಾಷೆಯ ಅಪರೂಪದ ಪುಸ್ತಕಗಳನ್ನೂ ತಂದು ಕಬ್ಬಿಣದ ಕಪಾಟಿನಲ್ಲಿಟ್ಟು ಕಾಪಾಡುತ್ತಾರೆ ಎಂಬ ಸುದ್ದಿ ಅವರ ಕಿವಿಗೆ ಬಿತ್ತು. ಅವರು ಸತ್ಯಮಂಗಲಕ್ಕೆ ಹೋಗಿ ಮಾತಾಡಿ ಬಂದರು. ಅಪರೂಪದವನ್ನು ಗ್ರಂಥಾಲಯದವರು ಒಯ್ಯುವುದು, ಅದಕ್ಕೆ ಪ್ರತಿಯಾಗಿ ಮಿಕ್ಕವು ಉಳಿಯಲೆಂದು ಭಂಡಾರಕ್ಕೆ ಹೊಸ ಹೆಂಚು ಹೊದಿಸಿಕೊಡುವುದು ಎಂದು ಒಪ್ಪಂದವಾಯಿತು. ತಪ್ಪೇನೂ ಇಲ್ಲದ ಒಪ್ಪಂದ. ಆದರೆ ಅತ್ತಿಗೆಗೆ ಹೇಳುವ ಧೈರ್ಯ ಮಾದಯ್ಯನವರಿಗೆ ಬರಲಿಲ್ಲ. ದೊಡ್ಡವರೊಬ್ಬರು ಬಂದು ಪುಸ್ತಕ ನೋಡಿ ಹೋಗುತ್ತಾರೆ ಎಂದಷ್ಟೇ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, ಹೇಳಿ ಜಾರಿಕೊಂಡರು.

ಗ್ರಂಥಾಲಯದ ಹಿರಿಯರು ಬರುವ ಸುದ್ದಿ ತಂದವನು ಚಾವಡಿಯ ತಲೆಯಾರಿ ಬಸವಯ್ಯ. ಕಚೇರಿಯ ಕೆಲಸಕ್ಕೆ ಸತ್ಯಮಂಗಲಕ್ಕೆ ಇಳಿದಿದ್ದವನ ಕೈಯಲ್ಲಿ ಅವರು ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದರು. ಅವನು ಕೇಳಿದ್ದನ್ನು ಒಂದಕ್ಷರ ಬಿಡದೆ, ಒಂದಕ್ಷರ ತಿಳಿಯದೆ ಒಪ್ಪಿಸಿದ.

"ಬರ ಸೋಮಾರ ದೊಡ್ಡೋರು ಬತ್ತರಂತ ಕಣವ್ವಾ. ಅಷ್ಟ್ರೊಳಗ ಅರಿಯ ನೂಲ್ನೆಲ್ಲ ತಗ್ದು ಬ್ಯಾರ ಮಡಗ್ಬೇಕಂತ."

ಇಲ್ಲೊಂದು ಮಾತು ಹೇಳಬೇಕು. ಓದಿದವರ ತಮಿಳಿನಲ್ಲಿ ನೂಲ್ ಎಂದರೆ ಪುಸ್ತಕ, ಅರಿಯ ಎಂದರೆ ಅಪರೂಪದ. ಅಪರೂಪದ ಪುಸ್ತಕಗಳನ್ನು ಬೇರೆ ಇಡಿ ಎಂದು ಆ ಹಿರಿಯರು ಸೊಗಸಾದ ತಮಿಳಿನಲ್ಲಿ ಹೇಳಿದ್ದರು. ಆದರೆ ತಾಳವಾಡಿಯವರ ತಮಿಳು ಸಂತೆಯಲ್ಲಿ ಕಲಿತದ್ದು, ಅಲ್ಲಿ ನೂಲು ಎಂದರೆ ನೂಲೇ, ಹೊಲಿಯುವ ದಾರ. ಇನ್ನು ಅವರ ಕನ್ನಡವೋ, ಹಕಾರವನ್ನು ಹೊಸ್ತಿಲಲ್ಲೇ ಬಿಟ್ಟು ಬರುವ ಕನ್ನಡ. ಹರಿಯುವ ಬಟ್ಟೆ ಅಲ್ಲಿ ಅರಿಯ ಬಟ್ಟೆ, ಹರಿಯುವ ದಾರ ಅರಿಯ ನೂಲು. ಗುರುಲಿಂಗಮ್ಮನವರ ಕಿವಿಗೆ ಬಿದ್ದದ್ದು ಇಷ್ಟು: ಕೈತಾಗಿದರೆ ಹರಿಯುವಂಥ ದಾರದಲ್ಲಿ ಹೊಲಿದ ಪುಸ್ತಕಗಳು ನಿಮ್ಮಲ್ಲಿ ಇವೆಯಂತಲ್ಲ, ಅವನ್ನು ತೆಗೆದಿಡಿ, ಬಂದು ನೋಡುತ್ತೇವೆ.

ಕೋಟಿನ ತೋಳು ಇನ್ನೊಂದು ಸುತ್ತು ಮೇಲೇರಿತು. "ನನ್ ಒಲಿಗೇಲಿ ಅರಿಯ ನೂಲಾ?" ಎಂದರು. ಅಷ್ಟೇ ಅಂದದ್ದು, ಬಸವಯ್ಯ ಮಾತ್ರ ಅಂದು ಮಜ್ಜಿಗೆಯನ್ನೂ ಕೇಳದೆ ಹೊರಟುಹೋದ.

ಆ ವಾರ ಭಂಡಾರದ ಬಾಗಿಲು ಓದುವವರಿಗೆ ತೆರೆಯಲಿಲ್ಲ. ಕಪಾಟಿನಿಂದ ಒಂದೊಂದೇ ಪುಸ್ತಕ ಇಳಿಯಿತು. ಬೆನ್ನು ಹಿಡಿದು ಅಲುಗಾಡಿಸುವುದು, ಎಳೆ ಜಗ್ಗಿ ನೋಡುವುದು, ಕೂದಲೆಳೆಯಷ್ಟು ಸಡಿಲ ಕಂಡರೂ ಹಳೆಯದನ್ನು ಕತ್ತರಿಸಿ ಹೊಸದಾಗಿ ಹೊಲಿಯುವುದು. ಗಂಡನ ಬೆರಳಿನ ಗುರುತುಗಳು ಕೆಲವು ಅಂಚುಗಳಲ್ಲಿ ಇನ್ನೂ ಇದ್ದವು. ಬೇರೆಯವರಿಗೆ ಸೀಗೆಪುಡಿ ಕೊಟ್ಟ ಆ ಹೆಂಗಸು ಆ ಒಬ್ಬರ ಕೈಯನ್ನು ಎಂದೂ ಮೂಸಿದವರಲ್ಲ. ಒಂದು ಲಾವಣಿಯ ಪುಸ್ತಕ ತೆಗೆದಾಗ ಅದನ್ನು ತಂದ ದಿನ ಮಳೆಯಲ್ಲಿ ಗಾಡಿ ಹೂತು, ಗುರುಮಲ್ಲಪ್ಪ ಇದೇ ಕೋಟನ್ನು ಬಿಚ್ಚಿ ಪುಸ್ತಕಗಳಿಗೆ ಹೊದಿಸಿ, ತಾವು ನಡುಗುತ್ತ ಬಂದದ್ದು ನೆನಪಾಯಿತು. ಬೈದಿದ್ದರು ಆವತ್ತು. ಈಗ ಹೊಲಿಯುತ್ತ, ಬೈಯಬಾರದಿತ್ತು ಎಂದುಕೊಂಡರು. ಹೊಲಿದಾದ ಮೇಲೆ ಎಲ್ಲಕ್ಕೂ ಒಂದೇ ಬಗೆಯ ಕಂದು ಕಾಗದದ ಹೊದಿಕೆ ಹಾಕಿ ಸಾಲಾಗಿ ನಿಲ್ಲಿಸಿದರು. ಇನ್ನು ಯಾರು ಬೇಕಾದರೂ ಬಂದು ಜಗ್ಗಲಿ.

ಸೋಮವಾರ ಗ್ರಂಥಾಲಯದ ಹಿರಿಯರು ಬಂದರು. ದಿಂಬಂ ಘಾಟಿಯ ತಿರುವುಗಳಲ್ಲಿ ತಿರುಗಿ ತಿರುಗಿ ಮುಖ ಬಾಡಿತ್ತು. ತೆಳ್ಳನೆಯ, ಮೆಲುದನಿಯ, ಪುಸ್ತಕವನ್ನು ಎರಡು ಕೈಯಲ್ಲಿ ತೆಗೆದುಕೊಳ್ಳುವ ಸಜ್ಜನರು. ಕೈ ಚಾಚಿ ಎಂದಾಗ ನಗದೆ ಚಾಚಿದರು. ವಿಭೂತಿಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಮಾದಯ್ಯನವರು ಊರಲ್ಲಿರಲಿಲ್ಲ, ಅತ್ತಿಗೆಯ ಎದುರು ಗುಟ್ಟು ಹೊರಬಿದ್ದಾಗ ತಾವು ಅಲ್ಲಿರಬಾರದೆಂದು ಬೆಳಿಗ್ಗೆಯೇ ಹಾಸನೂರಿಗೆ ಏನೋ ಕೆಲಸ ಹುಡುಕಿಕೊಂಡು ಹೋಗಿದ್ದರು. ಹಿರಿಯರಿಗೆ ಕನ್ನಡ ಬಾರದು. ಕಂದು ಹೊದಿಕೆಯ ಸಾಲುಗಳನ್ನು ಕಣ್ತುಂಬ ನೋಡಿ, ಇಲ್ಲಿರುವ ಅರಿಯ ನೂಲ್‌ಗಳು ಯಾವುವು, ತೋರಿಸಿರಮ್ಮ ಎಂದು ತಮಿಳಿನಲ್ಲಿ ಕೇಳಿದರು.

ಗುರುಲಿಂಗಮ್ಮನವರು ಈ ಪ್ರಶ್ನೆಗೆ ವಾರದಿಂದ ಕಾದಿದ್ದರು. ಸಂತೆಯ ತಮಿಳಿನಲ್ಲಿ, ತಲೆಯೆತ್ತಿ, ಇಡೀ ಭಂಡಾರಕ್ಕೆ ಕೇಳುವಂತೆ ಹೇಳಿದರು.

"ಅರಿಯ ನೂಲ್ ಇಂಗೆ ಒಣ್ಣುಕೂಡ ಇಲ್ಲೀಂಗ."

ಹರಿಯುವ ದಾರ ಇಲ್ಲಿ ಒಂದೂ ಇಲ್ಲ ಎಂದು ಅವರು ಹೇಳಿದ್ದು. ಅಪರೂಪದ ಪುಸ್ತಕ ಇಲ್ಲಿ ಒಂದೂ ಇಲ್ಲ ಎಂದು ಹಿರಿಯರು ಕೇಳಿಸಿಕೊಂಡದ್ದು. ಒಂದೂ ಇಲ್ಲವೇ ಎಂದು ಹಿರಿಯರು ನಂಬಲಾರದೆ ಮತ್ತೆ ಕೇಳಿದರು. ಒಂದೂ ಇಲ್ಲ, ಇದ್ದರೆ ಹುಡುಕಿ ತೋರಿಸಿ ಎಂದು ಇವರು ಸವಾಲು ಹಾಕಿದರು. ಪುಸ್ತಕ ಕಾಯುವವರ ಬಾಯಿಂದ ಬಂದ ಮಾತಿಗೆ ಮೇಲ್ಮಾತಿಲ್ಲ ಎಂದು ನಂಬಿದ್ದ ಕಾಲದ ಮನುಷ್ಯ ಆತ. ಹೊದಿಕೆ ಬಿಚ್ಚಿ ಪರೀಕ್ಷಿಸುವುದು ಆ ತಾಯಿಗೆ ಅವಮಾನವೆಂದುಕೊಂಡು, ಇಷ್ಟು ಚೆನ್ನಾಗಿ ಇಟ್ಟಿದ್ದೀರಿ, ಸಂತೋಷ ಎಂದು ಕೈಮುಗಿದು, ಬಸ್ಸಿನ ಹೊತ್ತಾಯಿತೆಂದು ಹೊರಟರು. ಹೊಲಿಗೆ ಗೆದ್ದಿತೆಂದು ಗುರುಲಿಂಗಮ್ಮನವರು ಬಹಳ ದಿನಗಳ ಮೇಲೆ ಬಾಗಿಲಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಂಡರು.

ಹಿರಿಯರನ್ನು ಬಸ್ಸಿನ ಕಟ್ಟೆಗೆ ಬಿಟ್ಟು ಬಂದ ಬಸವಯ್ಯ ಜೋಲುಮುಖದಲ್ಲಿದ್ದ. ಅಷ್ಟು ದೂರದಿಂದ ಬಂದ ದೊಡ್ಡವರು, ಇಲ್ಲಿ ಬೆಲೆಬಾಳುವ ಪುಸ್ತಕವೇ ಇಲ್ಲವಂತೆ, ಜನ ಸುಮ್ಮನೆ ಹೊಗಳಿದ್ದರು ಎಂದು ತಮ್ಮಷ್ಟಕ್ಕೆ ಅಂದುಕೊಂಡು ನಿಟ್ಟುಸಿರು ಬಿಟ್ಟರು ಎಂದ. ಅದೇ ಹೊತ್ತಿಗೆ ಹಾಸನೂರಿನಿಂದ ಬಂದ ಮಾದಯ್ಯನವರೂ, ಕಾರ್ಯ ಮುಗಿದಿರಬೇಕೆಂಬ ಧೈರ್ಯದಲ್ಲಿ, ಜಗಲಿ ಹತ್ತಿದರು. ಅರ್ಧ ಅವನು, ಅರ್ಧ ಇವರು, ಮಾತಿನ ಗಂಟು ಬಿಚ್ಚುತ್ತ ಹೋದಂತೆ ಗುರುಲಿಂಗಮ್ಮನವರಿಗೆ ಎರಡು ಸಂಗತಿ ಒಟ್ಟಿಗೆ ತಿಳಿದವು. ತಮ್ಮ ಪುಸ್ತಕಗಳನ್ನು ಕೊಟ್ಟುಬಿಡುವ ಮಾತಾಗಿತ್ತು ಎಂಬುದೊಂದು. ಆ ಪುಸ್ತಕಗಳು ಯಾವ ಬೆಲೆಯೂ ಇಲ್ಲದವು ಎಂದು ತಮ್ಮ ಬಾಯಿಂದಲೇ ಹೇಳಿದ್ದಾಯಿತು ಎಂಬುದು ಇನ್ನೊಂದು.

ಬೈಗುಳಕ್ಕೆ ತಲೆತಗ್ಗಿಸಿ ನಿಂತಿದ್ದ ಮಾದಯ್ಯನವರು, ಬೈಗುಳ ಬರದಿದ್ದಾಗ ತಾವೇ ಸಮಾಧಾನ ಹೇಳಿದರು.

"ಒಳ್ಳೇದೇ ಆಯ್ತು ಬುಡಿ ಅತ್ತಿಗೆ. ನಿಮ್ ಬಾಯಲ್ಲೇ ಇಲ್ಲ ಅಂದಾಯ್ತು. ಇನ್ಯಾರೂ ಕೇಳ್ಕಂಡ್ ಬರಕಿಲ್ಲ, ಎಲ್ಲ ಇಲ್ಲೇ ಉಳೀತವ."

ಮಾತು ದಿಟವಾಗಿತ್ತು. ಸುಮ್ಮನಿದ್ದರೆ ಸಾಕಿತ್ತು, ಒಂದು ಪುಟವೂ ಘಟ್ಟ ಇಳಿಯುತ್ತಿರಲಿಲ್ಲ. ಹೆಂಚಿನ ಮಾತು ಹೋಗಲಿ, ಸೋರುವ ಕಡೆ ಮಲಗಿ ರೂಢಿಯಾಗಿತ್ತು. ಪುಸ್ತಕಗಳನ್ನು ಕಳೆದುಕೊಂಡರೆ ತಮಗೆ ಉಳಿಯುವುದು ಏನೆಂಬುದೂ ಅವರಿಗೆ ಗೊತ್ತಿತ್ತು, ಏನೂ ಉಳಿಯುತ್ತಿರಲಿಲ್ಲ. ಅವರು ಕಂದು ಸಾಲಿನ ಕಡೆ ನೋಡಿದರು. ಮಳೆಯಲ್ಲಿ ನೆನೆದು, ಸಂತೆಯ ಬಿಸಿಲಲ್ಲಿ ಒಣಗಿ, ಒಬ್ಬ ಮನುಷ್ಯ ಆಯುಸ್ಸು ಸವೆಸಿ ತಂದದ್ದು ಅಲ್ಲಿತ್ತು. ಅದನ್ನೇ ನೋಡಲು ಬಂದವರೊಬ್ಬರು ಇಲ್ಲಿ ಏನೂ ಇಲ್ಲವೆಂದು ತಿಳಿದು ಬಸ್ಸಿಗೆ ಕಾಯುತ್ತಿದ್ದರು. ಗುರುಲಿಂಗಮ್ಮನವರು ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಬಸವಯ್ಯನನ್ನು ಹಿಂದೆ ಬಾ ಎಂದು ಕರೆದು, ಎಡಭುಜ ಇಳಿಸಿಕೊಂಡು, ಬಸ್ಸಿನ ಕಟ್ಟೆಯ ಕಡೆ ಹೊರಟರು. ಅವರು ಅಷ್ಟು ಬೇಗ ನಡೆದದ್ದನ್ನು ಊರು ಅದುವರೆಗೆ ಕಂಡಿರಲಿಲ್ಲ.

ಬಸ್ಸು ಬಂದು ನಿಂತಿತ್ತು. ಹಿರಿಯರು ಒಳಗೆ ಕುಳಿತಿದ್ದರು. ತಮ್ಮ ತಮಿಳಿನ ಮೇಲಿನ ನಂಬಿಕೆ ಹೋಗಿದ್ದರಿಂದ ಗುರುಲಿಂಗಮ್ಮನವರು ಕನ್ನಡದಲ್ಲೇ ಹೇಳಿದರು, ಬಸವಯ್ಯ ತಿಳಿದಷ್ಟನ್ನು ತಮಿಳು ಮಾಡಿದ.

"ಅಂಗಲ್ಲ ಅಂತ ಏಳ್ಲಾ. ನಾ ಇಲ್ಲ ಅಂದುದ್ದು ದಾರಕ್ಕ, ಪುಸ್ತಕಕ್ಕಲ್ಲ. ಇವ್ರು ಕೇಳ ಪುಸ್ತಕ ನಮ್ಮಲ್ಲಿ ಬೇಕಾದಂಗ ಅವ. ನಮ್ಮೋರು ತಂದುದ್ದವ ಇಲ್ಲ ಅಂತ ನನ್ ಬಾಯಲ್ಲಿ ಬರಕೂಡ್ದು."

ಹಿರಿಯರಿಗೆ ಮೊದಲು ಅರ್ಥವಾಗಲಿಲ್ಲ; ಅರ್ಥವಾದಾಗ ನಗು ಬಂತು; ಆ ನಗು ಅರ್ಧಕ್ಕೆ ನಿಂತಿತು. ಇದ್ದರೆ ಒಪ್ಪಂದದಂತೆ ತಾವು ಅವನ್ನು ಒಯ್ಯಬೇಕಾಗುತ್ತದೆ, ಅಮ್ಮನವರಿಗೆ ಅದು ಗೊತ್ತೇ ಎಂದು ಕೇಳಿಸಿದರು.

"ಗೊತ್ತು. ಇಳೀರಿ" ಎಂದರು ಗುರುಲಿಂಗಮ್ಮನವರು.

ಬಸ್ಸು ಅವರನ್ನು ಬಿಟ್ಟು ಹೋಯಿತು. ಆಮೇಲಿನ ದಿನಗಳಲ್ಲಿ ಭಂಡಾರದಲ್ಲಿ ನಡೆದದ್ದನ್ನು ಬಸವಯ್ಯ ಮುಪ್ಪಿನವರೆಗೂ ಹೇಳುತ್ತಿದ್ದ. ಆ ತಾಯಿ ಹೊದಿಕೆ ಬಿಚ್ಚಿ ಬಿಚ್ಚಿ ಒಂದೊಂದನ್ನೂ ಅವರ ಮುಂದಿಟ್ಟರು; ಯಾವ ಊರಿನ ಅಚ್ಚು, ಯಾವ ಸಂತೆಯಲ್ಲಿ ಸಿಕ್ಕಿದ್ದು, ಯಾರ ಅಟ್ಟದಿಂದ ಇಳಿದದ್ದು ಎಲ್ಲವನ್ನೂ ಹೇಳಿ, ಓದಿ ತೋರಿಸಿದರು. ಬಚ್ಚಿಡಬೇಕೆಂದರೆ ಕೋಟಿನ ಜೇಬೇ ಸಾಕಿತ್ತು. ಒಂದನ್ನೂ ಬಚ್ಚಿಡಲಿಲ್ಲ. ಹಿರಿಯರು ಸಾಮಾನ್ಯವೆಂದು ಪಕ್ಕಕ್ಕಿಟ್ಟ ಕೆಲವನ್ನು ಮತ್ತೆ ಎತ್ತಿ, ಇದನ್ನು ಇನ್ನೊಮ್ಮೆ ನೋಡಿ ಎಂದು ಜಗಳ ಮಾಡಿ ಒಯ್ಯುವ ಸಾಲಿಗೆ ಸೇರಿಸಿದರು. ತಾನು ಹೆತ್ತ ಹೆಣ್ಣಿನ ಗುಣವನ್ನು ಬೀಗರ ಮುಂದೆ ಹೇಳುವಾಗ ತಾಯಿಗೆ ಆಗುವ ಸಂಕಟವೂ ಸಂಭ್ರಮವೂ ಅವರ ಮುಖದಲ್ಲಿತ್ತು. ಪೆಟ್ಟಿಗೆಗಳು ಬಸ್ಸಿನ ಮೇಲೇರಿದ ದಿನ ಅವರು ಕಟ್ಟೆಗೆ ಹೋಗಲಿಲ್ಲ. ಬರಿದಾದ ಕಪಾಟುಗಳನ್ನು ಸಗಣಿಯ ನೀರಲ್ಲಿ ಒರೆಸುತ್ತ ಅತ್ತರು. ಬಾಗಿಲಲ್ಲಿ ನಿಂತ ಮಾದಯ್ಯನವರೂ ಅತ್ತರು.

ಹೆಂಚು ಬಂತು, ಸೋರುವುದು ನಿಂತಿತು. ಮಿಕ್ಕ ಪಂಚಾಂಗಗಳು, ಪಾಠದ ಪುಸ್ತಕಗಳು, ಕರೆಯೋಲೆಗಳ ನಡುವೆ ಗುರುಲಿಂಗಮ್ಮನವರು ಇನ್ನೂ ಕೆಲವು ವರ್ಷ ಭಂಡಾರ ತೆರೆದಿಟ್ಟಿದ್ದರು. ಇಂದು ಆ ಜಾಗದಲ್ಲಿ ಬೇರೊಂದು ಕಟ್ಟಡವಿದೆ. ಜಗಲಿಯ ಕಲ್ಲುತೊಟ್ಟಿ ಎಲ್ಲಿ ಹೋಯಿತೆಂದು ಕೇಳಿದರೆ ಹೇಳುವವರಿಲ್ಲ. ಆದರೆ ಅವರ ಕೊನೆಯ ದಿನಗಳಲ್ಲಿ ಅಲ್ಲಿಗೆ ಹೋದವರು ಒಂದು ಮಾತು ನೆನೆಯುತ್ತಾರೆ. ಯಾರಾದರೂ ಬಂದು, ಇಂಥ ಹಳೆಯ ಲಾವಣಿಯ ಪುಸ್ತಕ ನಿಮ್ಮಲ್ಲಿ ಇತ್ತಂತಲ್ಲ ಎಂದು ಕೇಳಿದರೆ, ಇತ್ತು ಎಂದಾಗಲಿ, ಹೋಯಿತು ಎಂದಾಗಲಿ ಅವರು ಹೇಳುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಇರುವುದನ್ನು ಹೇಳುವಷ್ಟು ನಿಶ್ಚಿಂತೆಯಿಂದ, "ಅದ ಕಣ. ಇಲ್ಲಿಲ್ಲ, ಆದ್ರ ಅದ" ಎನ್ನುತ್ತಿದ್ದರು.

ಲೋಕದಲ್ಲಿ ಪುಸ್ತಕ ಬರೆಯುವವರಿಗೆ ಹೆಸರಿದೆ, ಅಚ್ಚು ಹಾಕುವವರಿಗೆ ವ್ಯಾಪಾರವಿದೆ, ಓದುವವರಿಗೆ ಸುಖವಿದೆ. ಕಾಯುವವರ ಜಾತಿ ಬೇರೆ. ತಮ್ಮದೆಂದು ಕಟ್ಟಿಟ್ಟುಕೊಳ್ಳುವವರನ್ನು ಬಹಳ ಜನ ಕಾಯುವವರೆಂದು ತಪ್ಪು ತಿಳಿಯುತ್ತಾರೆ. ಅಂಥವರು ಒಂದು ಸುಳ್ಳಿನಿಂದ ತಮ್ಮ ಗಂಟು ಉಳಿಯುವುದಾದರೆ ಆ ಸುಳ್ಳಿಗೂ ಒಂದು ಬೀಗ ಹಾಕಿ ಜೋಪಾನ ಮಾಡಿಯಾರು. ನಿಜವಾಗಿ ಕಾಯುವವರಿಗೆ ವಸ್ತು ಕೈತಪ್ಪುವ ದುಃಖ ಇಲ್ಲವೆಂದಲ್ಲ, ಅದು ಎಲ್ಲರಿಗಿಂತ ಅವರಿಗೇ ಹೆಚ್ಚು. ಆದರೆ ಇರುವುದನ್ನು ಇಲ್ಲವೆನ್ನಲು ಮಾತ್ರ ಅವರಿಂದ ಆಗುವುದಿಲ್ಲ. ಹಳೆಯ ಪುಸ್ತಕವೊಂದು ಎಲ್ಲೋ ದೂರದ ಊರಿನಲ್ಲಿ ಯಾರದೋ ಕೈಗೆ ಸಿಕ್ಕಿ ತೆರೆದುಕೊಂಡಾಗಲೆಲ್ಲ, ಅದು ಅಲ್ಲಿಯವರೆಗೆ ಬಂದದ್ದು ಇಂಥವರೊಬ್ಬರು ಅದನ್ನು ಬಿಟ್ಟುಕೊಟ್ಟದ್ದರಿಂದ.